ಗಾಳಿಗೆ ನೊಗ

ಅಮರಕೋಶದಲ್ಲಿ ವಾಯುವಿಗೆ ಹೇಳಿರುವ ಹೆಸರುಗಳಲ್ಲಿ ‘ಸದಾಗತಿ’ ಎಂಬುದೊಂದು. ಎಂದೆಂದೂ ಚಲಿಸುತ್ತಲೇ ಇರುವವನು ಎಂದು ಅದರ ಅರ್ಥ. ಕೋಶಕಾರನು ಕಣದಲ್ಲಿ ಮೊರ ಹಿಡಿದು ನಿಂತವನಲ್ಲವೆಂಬುದು ಈ ಒಂದು ಮಾತಿನಿಂದಲೇ ತಿಳಿಯುತ್ತದೆ. ಸುಗ್ಗಿಯ ದಿನಗಳಲ್ಲಿ ನಂಜನಗೂಡಿನ ಕಡೆಯ ಯಾವ ಹಳ್ಳಿಗೆ ಹೋದರೂ, ರಾಗಿ ತುಳಿಸಿ, ಹುಲ್ಲು ಬೇರ್ಪಡಿಸಿ, ಕಾಳು ಹೊಟ್ಟುಗಳು ಬೆರೆತ ರಾಶಿಯ ಮುಂದೆ ಗಾಳಿಗಾಗಿ ಕಾದು ಕುಳಿತ ಒಕ್ಕಲು ಮಕ್ಕಳನ್ನು ಹಿಂದೆ ಕಾಣಬಹುದಾಗಿತ್ತು. ಎಲೆ ಅಲುಗಿದರೆ ಎದ್ದು ನಿಲ್ಲುವುದು, ನಾಲ್ಕು ಮೊರ ತೂರುವುದು, ಗಾಳಿ ಬಿದ್ದುಹೋದರೆ ಮತ್ತೆ ಕುಳಿತುಕೊಳ್ಳುವುದು. ಕೆಲವೊಮ್ಮೆ ನಡುರಾತ್ರಿಯಲ್ಲಿ ಗಾಳಿ ಎದ್ದಿತೆಂದು ಮನೆಮಂದಿಯೆಲ್ಲ ಬೆಳುದಿಂಗಳಲ್ಲಿ ಕಣಕ್ಕೆ ನಡೆಯುವುದೂ ಉಂಟಾಗಿತ್ತು. ಈಗ ಒಕ್ಕಣೆಯ ಯಂತ್ರಗಳು ಬಂದಿವೆ. ಅನೇಕ ಕಡೆ ಡಾಂಬರು ರಸ್ತೆಯೇ ಕಣವಾಗಿ, ಹಾದುಹೋಗುವ ಲಾರಿಗಳೇ ರೋಣಗಲ್ಲುಗಳಾಗಿವೆ.

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಹುಟ್ಟಿದ್ದು ಆ ಕಾಯುವಿಕೆಯಿಂದ. ಪಟ್ಟಣದವರಾದ ನಾವು ಅದನ್ನು ಸಮಯಸಾಧಕರ ಮಂತ್ರವೆಂಬಂತೆ ಆಡಿ ನಗುತ್ತೇವೆ. ಆದರೆ ಒಕ್ಕಲಿಗನಿಗೆ ಅದು ಅಪ್ಪಟ ಬೇಸಾಯಶಾಸ್ತ್ರ. ಗಾಳಿ ಬಿಟ್ಟಿಯಾಗಿ ಬರುತ್ತದೆ. ಆದರೆ ನಾವು ಕರೆದಾಗ ಬರುವುದಿಲ್ಲ. ಗಾಳಿಯಿಂದ ನೀರೆತ್ತುವ, ದೀಪ ಉರಿಸುವ, ಯಂತ್ರ ತಿರುಗಿಸುವ ವಿದ್ಯೆಯೆಲ್ಲವೂ ಈ ಎರಡು ಮಾತುಗಳ ನಡುವೆಯೇ ಬೆಳೆದಿದೆ. ಪವನಶಕ್ತಿಯಿಂದ ಬೇಸಾಯಕ್ಕೆ ಆಗುವ ಪ್ರಯೋಜನವೇನು ಎಂದು ಕೇಳುವಾಗ ಇವೆರಡನ್ನೂ ಮರೆಯದಿರುವುದು ಲೇಸು. ಏಕೆಂದರೆ ಮೊದಲನೆಯದನ್ನು ಮಾತ್ರ ನೆನೆದು ಎರಡನೆಯದನ್ನು ಮರೆತ ಉತ್ಸಾಹಿಗಳು ನಿಲ್ಲಿಸಿದ ಯಂತ್ರಗಳು ದೇಶದ ಎಷ್ಟೋ ಹಳ್ಳಿಗಳಲ್ಲಿ ತುಕ್ಕು ಹಿಡಿದು ನಿಂತುಹೋದವು.

ಮಾತಿಗೆ ಒಂದು ನೆಲೆ ಇರಲೆಂದು ಸುತ್ತೂರನ್ನು ಆರಿಸಿಕೊಳ್ಳೋಣ. ನಂಜನಗೂಡಿನಿಂದ ಕೆಳಕ್ಕೆ ಹರಿಯುವ ಕಪಿಲಾ ನದಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವುದಕ್ಕೆ ಮುನ್ನ ಸುತ್ತೂರಿನ ಪಕ್ಕದಲ್ಲಿ ಹಾದುಹೋಗುತ್ತದೆ. ವೀರಸಿಂಹಾಸನ ಮಠದಿಂದಾಗಿ ನಾಡಿಗೆಲ್ಲ ಹೆಸರಾದ ಊರು ಅದು. ಪುಷ್ಯ ಮಾಸದಲ್ಲಿ ಅಲ್ಲಿ ನಡೆಯುವ ಜಾತ್ರೆಯಲ್ಲಿ ತೇರು, ಕುಸ್ತಿ, ದನಗಳ ಜಾತ್ರೆಗಳೊಡನೆ ಕೃಷಿಮೇಳವೂ ನಡೆಯುತ್ತದೆ. ಊರಿನಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವೊಂದುಂಟು. ಹೊಸ ತಳಿ, ಹೊಸ ಉಪಕರಣವೆಂದರೆ ನೋಡಿ, ಮುಟ್ಟಿ, ಬೆಲೆ ಕೇಳಿ, ಅನುಮಾನಿಸಿ, ಆಮೇಲೆ ನಂಬುವ ರೈತರು ಅಲ್ಲಿಗೆ ಬರುತ್ತಾರೆ. ಅಂಥವರ ಮುಂದೆ ಗಾಳಿಯ ಮಾತನ್ನು ಲೆಕ್ಕವಿಲ್ಲದೆ ಆಡುವಂತಿಲ್ಲ.

ಇಲ್ಲಿ ಒಂದು ಪದದ ವಿಚಾರ ಹೇಳದಿದ್ದರೆ ಕನ್ನಡ ಪಾಠ ಹೇಳುವವನ ನಾಲಗೆಗೆ ಸಮಾಧಾನವಿರುವುದಿಲ್ಲ. ನದಿಯ ಹೆಸರು ಕಪಿಲೆ. ಎರಡು ಎತ್ತುಗಳು ಇಳಿಜಾರಿನಲ್ಲಿ ನಡೆದು ತೊಗಲಿನ ಚೀಲದಿಂದ ಬಾವಿಯ ನೀರನ್ನು ಮೇಲೆತ್ತುತ್ತಿದ್ದ ಏರ್ಪಾಟಿಗೂ ನಮ್ಮ ಕಡೆ ಕಪಿಲೆಯೆಂದೇ ಹೆಸರು. ಕಪಿಲೆಯ ದಡದಲ್ಲಿ ಕಪಿಲೆ ಹೊಡೆದು ಬೆಳೆದ ಊರುಗಳಿವು. ಏತವೂ ಕಪಿಲೆಯೂ ಹೋಗಿ ಡೀಸಲ್ ಪಂಪು ಬಂತು. ಅದು ಹೋಗಿ ವಿದ್ಯುತ್ ಪಂಪು ಬಂತು. ಈ ಸಾಲಿನಲ್ಲಿ ಗಾಳಿಯ ಪಂಪು ಬರಬೇಕಾಗಿತ್ತಲ್ಲವೇ, ಏಕೆ ಬರಲಿಲ್ಲ ಎಂಬುದೇ ಮೊದಲ ಪ್ರಶ್ನೆ.

ಆಷಾಢದ ಲೆಕ್ಕ

ಈ ಪ್ರಶ್ನೆಯನ್ನು ಸುತ್ತೂರಿನ ಹಿರಿಯ ಬೇಸಾಯಗಾರನ ಮುಂದಿಟ್ಟರೆ ಅವನು ಥಟ್ಟನೆ, “ಗಾಳಿ ಬೀಸೋ ಕಾಲಕ್ಕೆ ನೀರು ಬ್ಯಾಡ, ಮೇಷ್ಟ್ರೇ, ನೀರು ಬೇಕಾದ ಕಾಲಕ್ಕೆ ಗಾಳಿ ಇರಾಕಿಲ್ಲ” ಎಂದುಬಿಟ್ಟಾನು. ಮಾತು ಬಲವಾದದ್ದೇ. ನಮ್ಮಲ್ಲಿ ಗಾಳಿಯ ಕಾಲವೆಂದರೆ ಆಷಾಢ. ಜೂನ್, ಜುಲೈ ತಿಂಗಳುಗಳಲ್ಲಿ ಪಡುವಣ ದಿಕ್ಕಿನಿಂದ ಬರುವ ಗಾಳಿ ಬಾಳೆಯ ಎಲೆಯನ್ನು ಎಳೆಎಳೆಯಾಗಿ ಸೀಳಿಬಿಡುತ್ತದೆ. ಪೈರಿಗೆ ನೀರಿನ ದಾಹ ಹೆಚ್ಚುವುದು ಮಾಘ ಕಳೆದ ಮೇಲೆ. ಫಾಲ್ಗುಣ, ಚೈತ್ರ, ವೈಶಾಖಗಳಲ್ಲಿ. ಆಗಿನ ಗಾಳಿ ದೂಳೆಬ್ಬಿಸುವ ಸುಂಟರಗಾಳಿಯೋ ಮಳೆಗೆ ಮುಂಚಿನ ಬಿರುಗಾಳಿಯೋ ಆಗಿರುತ್ತದೆಯೇ ಹೊರತು ದಿನವಿಡೀ ಯಂತ್ರ ತಿರುಗಿಸುವಂಥದಲ್ಲ.

ಆದರೂ ಈ ಮಾತು ಪೂರ್ತಿ ನಿಜವಲ್ಲ. ನಂಜನಗೂಡು, ನರಸೀಪುರದ ಸೀಮೆಯ ಮಳೆಯನ್ನು ಮಲೆನಾಡಿನ ಮಳೆಯಂತೆ ಎಣಿಸಬಾರದು. ಇಲ್ಲಿ ಮಳೆ ಹೆಚ್ಚುವುದು ಎರಡು ಸಲ: ಮೇ ತಿಂಗಳಿನಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ಗಳಲ್ಲಿ ಮತ್ತೊಮ್ಮೆ. ನಡುವಿನ ಜೂನ್, ಜುಲೈಗಳಲ್ಲಿ ಮೋಡಗಳು ಓಡುತ್ತವೆ, ಗಾಳಿ ಹೊಡೆಯುತ್ತದೆ, ಮಳೆ ಮಾತ್ರ ಹನಿ ಲೆಕ್ಕ. ಪಶ್ಚಿಮದ ಬೆಟ್ಟಗಳು ನೀರನ್ನೆಲ್ಲ ತಾವೇ ಹೀರಿಕೊಂಡು ನಮಗೆ ಗಾಳಿಯನ್ನು ಮಾತ್ರ ಕಳುಹಿಸಿಕೊಡುತ್ತವೆ. ಇದರ ಫಲವಾಗಿ ಒಂದು ವಿಚಿತ್ರ ನೋಟ ಕಾಣಸಿಗುತ್ತದೆ. ವಯನಾಡಿನಲ್ಲಿ ಸುರಿದ ಮಳೆಯಿಂದ 1974ರಲ್ಲಿ ಕಟ್ಟಿ ಮುಗಿಸಿದ ಕಬಿನಿ ಜಲಾಶಯವು ತುಂಬಿ, ಸುತ್ತೂರಿನ ಪಕ್ಕದಲ್ಲಿ ಹೊಳೆ ಎರಡು ದಡ ತುಂಬಿ ಹರಿಯುತ್ತಿರುತ್ತದೆ. ದಡದಿಂದ ದೂರದ ಬೆದ್ದಲು ಭೂಮಿಯಲ್ಲಿ ಮುಂಗಾರಿನ ಜೋಳ, ಅಲಸಂದೆ, ಹತ್ತಿಗಳು ತೆನೆ ಕಟ್ಟುವ, ಕಾಯಿ ಹಿಡಿಯುವ ಹೊತ್ತಿಗೆ ಸೊರಗಿ ನಿಂತಿರುತ್ತವೆ. ಹುಲ್ಲಹಳ್ಳಿ, ರಾಂಪುರಗಳ ಹಳೆಯ ನಾಲೆಗಳೂ ಕಬಿನಿಯ ಬಲದಂಡೆ ನಾಲೆಯೂ ಮುಟ್ಟುವ ಗದ್ದೆಗಳ ಮಾತು ಬೇರೆ. ನಾಲೆ ಮುಟ್ಟದ ಏರುಭೂಮಿಗೆ ಒಂದೇ ಒಂದು ಬಾರಿ ನೀರು ಹಾಯಿಸಿದರೆ ಬೆಳೆ ಉಳಿಯುವ ವಾರ ಯಾವುದೋ, ಅದೇ ವಾರ ಗಾಳಿಯೂ ಬಲವಾಗಿರುತ್ತದೆ. ಆದ್ದರಿಂದ ಗಾಳಿಗೂ ನೀರಿನ ಅಗತ್ಯಕ್ಕೂ ಇಲ್ಲಿ ಹೊಂದಿಕೆಯೇ ಇಲ್ಲವೆನ್ನುವುದು ತಪ್ಪು. ಹೊಂದಿಕೆ ಇದೆ, ಬೇಸಗೆಯ ಬೆಳೆಗಲ್ಲ, ಮುಂಗಾರಿನ ಬೆಳೆಗೆ.

ಎಷ್ಟು ನೀರು ಬರುತ್ತದೆಂಬುದಕ್ಕೆ ಗಾಳಿಯ ಗುಣವೊಂದನ್ನು ತಿಳಿದಿರಬೇಕು. ಗಾಳಿಯ ವೇಗ ಇಮ್ಮಡಿಯಾದರೆ ಅದರ ಶಕ್ತಿ ಇಮ್ಮಡಿಯಾಗುವುದಿಲ್ಲ, ಎಂಟು ಮಡಿಯಾಗುತ್ತದೆ. ವೇಗವನ್ನು ಅದರಿಂದಲೇ ಮೂರು ಬಾರಿ ಗುಣಿಸಿದಷ್ಟು ಶಕ್ತಿ. ಎಂತಲೇ ಗಾಳಿಯ ವ್ಯವಹಾರದಲ್ಲಿ ಸರಾಸರಿಯೆಂಬುದು ಬಲು ಮೋಸದ ಮಾತು. ಐದು ಮೀಟರ್ ವ್ಯಾಸದ ಚಕ್ರವೊಂದನ್ನು ಹತ್ತು ಮೀಟರ್ ಆಳದಲ್ಲಿ ನೀರಿರುವ ಬಾವಿಯ ಮೇಲೆ ನಿಲ್ಲಿಸಿದೆವೆಂದು ಊಹಿಸೋಣ. ಗಂಟೆಗೆ 11 ಕಿಲೋಮೀಟರ್ ವೇಗದ ಗಾಳಿ ಆ ಚಕ್ರವನ್ನು ಹಾಯುವಾಗ ಅದರಲ್ಲಿರುವ ಶಕ್ತಿ ಮುನ್ನೂರು ವಾಟ್‌ಗಿಂತ ಕೊಂಚ ಕಡಿಮೆ. ಚಕ್ರ, ಸರಳು, ಕೊಳವೆಗಳ ತೆರಿಗೆಯೆಲ್ಲ ಕಳೆದು ನೂರರಲ್ಲಿ ಹದಿನೈದು ಪಾಲು ನೀರಿಗೆ ದಕ್ಕಿದರೆ ಗಂಟೆಗೆ ಸುಮಾರು 1,600 ಲೀಟರ್ ಮೇಲೆ ಬಂದೀತು. ಗಾಳಿಯ ವೇಗ 18 ಕಿಲೋಮೀಟರ್‌ಗೆ ಏರಿದರೆ ಅದೇ ಯಂತ್ರ ಸುಮಾರು 7,400 ಲೀಟರ್ ಎತ್ತುತ್ತದೆ. ಒಂದು ಎಕರೆಗೆ ದಿನಕ್ಕೆ ಐದು ಮಿಲಿಮೀಟರಿನಷ್ಟು ನೀರು ಕೊಡಬೇಕಾದರೆ 20,000 ಲೀಟರ್ ಬೇಕು. ಎಂಟು ತಾಸಿನ ಮಂದ ಗಾಳಿಯಲ್ಲಿ ಅರ್ಧ ಎಕರೆಗಿಂತ ತುಸು ಹೆಚ್ಚು ನೆನೆದೀತು; ಎಂಟು ತಾಸಿನ ಆಷಾಢದ ಗಾಳಿಯಲ್ಲಿ, ಬಾವಿ ಅಷ್ಟು ನೀರು ಕೊಟ್ಟರೆ, ಮೂರು ಎಕರೆಯ ಹತ್ತಿರ.

ಇದೇ ಯಂತ್ರವನ್ನು ನೂರು ಮೀಟರ್ ಆಳದ ಕೊಳವೆ ಬಾವಿಯ ಮೇಲೆ ನಿಲ್ಲಿಸಿದರೆ ನೀರು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಗಾಳಿಯ ಪಂಪನ್ನು ಸೋಲಿಸಿದ್ದು ವಿದ್ಯುತ್ತಿನ ಪಂಪು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಅದನ್ನು ಸೋಲಿಸಿದ್ದು ಕೊಳವೆ ಬಾವಿಯೇ. ನೀರು ಪಾತಾಳಕ್ಕೆ ಇಳಿದ ಮೇಲೆ ಗಾಳಿಯ ಕೈ ಅಲ್ಲಿಗೆ ಎಟಕುವುದಿಲ್ಲ.

ಬೆಂಗಳೂರಿನ ಪ್ರಯೋಗಗಳು

ಅಮೆರಿಕದಲ್ಲಿ ಹೀಗಾಗಲಿಲ್ಲ. ಡೇನಿಯಲ್ ಹ್ಯಾಲಡೇ ಎಂಬವನು 1854ರಲ್ಲಿ, ಬಿರುಗಾಳಿ ಬಂದರೆ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುವ ಗಾಳಿಯಂತ್ರವನ್ನು ರೂಪಿಸಿದ. ಅಲ್ಲಿಯ ವಿಶಾಲ ಹುಲ್ಲುಗಾವಲುಗಳಲ್ಲಿ ದನಗಳಿಗೆ ನೀರು, ರೈಲಿನ ಉಗಿಯಂತ್ರಗಳಿಗೆ ನೀರು, ಮನೆಯ ಹಿತ್ತಲಿಗೆ ನೀರು, ಎಲ್ಲವೂ ಆ ಬಗೆಯ ಬಹುರೆಕ್ಕೆಯ ಚಕ್ರಗಳಿಂದಲೇ ಬಂತು. 1930ರ ದಶಕದಲ್ಲಿ ಸರ್ಕಾರವೇ ಹಳ್ಳಿಗಳಿಗೆ ವಿದ್ಯುತ್ ತಂತಿ ಎಳೆಯುವವರೆಗೆ ಅವುಗಳಿಗೆ ಎದುರಿರಲಿಲ್ಲ. ಡಚ್ಚರ ಕಥೆ ಇದಕ್ಕೆ ತದ್ವಿರುದ್ಧ. ಅವರು ಹೊಲಕ್ಕೆ ನೀರು ತರಲಿಕ್ಕಲ್ಲ, ಹೊಲದ ನೀರನ್ನು ಹೊರಚೆಲ್ಲಲಿಕ್ಕೆ ಗಾಳಿಗಿರಣಿ ಕಟ್ಟಿದವರು. ಬೀಮ್‌ಸ್ಟರ್ ಎಂಬ ಸರೋವರವನ್ನು ನಲವತ್ತಕ್ಕೂ ಹೆಚ್ಚು ಗಿರಣಿಗಳಿಂದ ಬತ್ತಿಸಿ 1612ರಲ್ಲಿ ಅದನ್ನು ಉಳುವ ಭೂಮಿಯನ್ನಾಗಿ ಮಾಡಿದರು. ಗಾಳಿಗೆ ನಂಟು ಎಲ್ಲ ದೇಶಗಳಲ್ಲಿಯೂ ಒಕ್ಕಲುತನದೊಡನೆಯೇ ಮೊದಲು ಬೆಳೆದದ್ದು.

ನಮ್ಮಲ್ಲಿ ಈ ವಿಚಾರವನ್ನು ವಿಜ್ಞಾನದ ದೃಷ್ಟಿಯಿಂದ ಕೈಗೆತ್ತಿಕೊಂಡ ಊರುಗಳಲ್ಲಿ ಬೆಂಗಳೂರು ಮುಖ್ಯವಾದದ್ದು ಎಂಬುದನ್ನು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ. 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ವಿಮಾನಗಳ ಜೊತೆಗೆ ನೀರೆತ್ತುವ ಗಾಳಿಚಕ್ರಗಳ ಮೇಲೂ ಕೆಲಸ ಮಾಡಿತು. ಅಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ ರೂಪುಗೊಂಡ ‘ಡಬ್ಲ್ಯು.ಪಿ.–2’ ಎಂಬ ಯಂತ್ರ ಹಲವು ಕಡೆಗಳಲ್ಲಿ ನಿಂತು ತಿರುಗಿತು. ರೆಕ್ಕೆಗಳು ಹೆಚ್ಚಿದ್ದಷ್ಟೂ ಚಕ್ರ ನಿಧಾನವಾಗಿ, ಆದರೆ ಬಲವಾಗಿ ತಿರುಗುತ್ತದೆ. ಬಾವಿಯ ಪಂಪಿನ ದಂಡವನ್ನು ಮೇಲೆ ಕೆಳಗೆ ಎಳೆಯಲು ಅಂಥ ಬಲವೇ ಬೇಕು. ವಿದ್ಯುತ್ತು ಹುಟ್ಟಿಸುವ ಇಂದಿನ ಯಂತ್ರಗಳಿಗೆ ಮೂರೇ ರೆಕ್ಕೆಗಳೇಕೆ ಎಂದು ಕೇಳುವವರಿಗೂ ಇದೇ ಉತ್ತರ: ಅವಕ್ಕೆ ಬಲಕ್ಕಿಂತ ವೇಗ ಹೆಚ್ಚು ಬೇಕು.

1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿದಾಗ ಗಾಳಿಯ ನೆನಪು ಮತ್ತೆ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಪಿ. ಗೋವಿಂದರಾಜು ಹಾಗೂ ರೊದ್ದಂ ನರಸಿಂಹ ಅವರು ಹಾಯಿಬಟ್ಟೆ ಕಟ್ಟಿದ, ನೆಟ್ಟಗೆ ನಿಂತ ಅಚ್ಚಿನ ಸುತ್ತ ತಿರುಗುವ ಅಗ್ಗದ ಗಾಳಿಪಂಪೊಂದನ್ನು ರೂಪಿಸಿ 1979ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಫಿನ್ಲೆಂಡಿನ ಸವೋನಿಯಸ್ ಎಂಬ ಎಂಜಿನಿಯರ್ 1920ರ ದಶಕದಲ್ಲಿ ಕಂಡುಹಿಡಿದ ರೂಪವದು. ಗಾಳಿ ಯಾವ ದಿಕ್ಕಿನಿಂದ ಬಂದರೂ ಅದಕ್ಕೆ ಮುಖ ತಿರುಗಿಸಬೇಕಾದ ಅಗತ್ಯವಿಲ್ಲ. ಹಳ್ಳಿಯ ಬಡಗಿ, ಕಮ್ಮಾರ, ದರ್ಜಿಗಳೇ ಕೂಡಿ ಕಟ್ಟಿ ದುರಸ್ತಿ ಮಾಡಬಹುದಾದಷ್ಟು ಸರಳ. ವಿಮಾನದ ರೆಕ್ಕೆಯ ಮೇಲೆ ಗಾಳಿ ಹರಿಯುವ ಬಗೆಯನ್ನು ಅರಿತ ಮೇಧಾವಿಗಳು ಬಾವಿಯ ದಂಡೆಗೆ ಬಂದು ನಿಂತ ಆ ಉದಾಹರಣೆ ನನಗೆ ಬಹಳ ಇಷ್ಟ. ಯಂತ್ರ ಮಾತ್ರ ಹಳ್ಳಿಹಳ್ಳಿಗೂ ಹಬ್ಬಲಿಲ್ಲ.

1982ರಲ್ಲಿ ಕೇಂದ್ರ ಸರ್ಕಾರ ಅಸಾಂಪ್ರದಾಯಿಕ ಶಕ್ತಿಮೂಲಗಳಿಗೆಂದೇ ಒಂದು ಇಲಾಖೆಯನ್ನು ತೆರೆದು, ಹನ್ನೆರಡು ರೆಕ್ಕೆಗಳ, ಐದು ಮೀಟರ್ ವ್ಯಾಸದ ಪಂಪುಗಳನ್ನು ಸಹಾಯಧನದಲ್ಲಿ ಹಂಚಿತು. ಬಿಟ್ಟಿ ಬಂದ ಎತ್ತಿನ ಹಲ್ಲು ಯಾರೂ ಎಣಿಸಲಿಲ್ಲ. ಆ ಜಾಗದಲ್ಲಿ ಗಾಳಿ ಎಷ್ಟು, ಬಾವಿ ಎಷ್ಟು ಆಳ ಎಂಬುದನ್ನು ನೋಡದೆ ನಿಲ್ಲಿಸಿದವು ಎಷ್ಟೋ. ಪಂಪಿನ ತೊಗಲಿನ ವಾಷರ್ ಸವೆದರೆ ಬದಲಾಯಿಸುವವರಿಲ್ಲದೆ ನಿಂತವು ಇನ್ನೆಷ್ಟೋ. ಎಂಟಾಣೆಯ ವಾಷರ್ ಇಲ್ಲದೆ ಸಾವಿರಾರು ರೂಪಾಯಿಯ ಯಂತ್ರ ಮೂಕವಾಗುವುದು ನಮ್ಮ ಗ್ರಾಮೋದ್ಧಾರದ ಚರಿತ್ರೆಯಲ್ಲಿ ಹೊಸ ಸಂಗತಿಯೇನಲ್ಲ.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಕುಳಿತು ಸದ್ದಿಲ್ಲದೆ ಸರಿಯಾದ ಕೆಲಸ ಮಾಡುತ್ತಿದ್ದ ಮಹನೀಯೆಯೊಬ್ಬರಿದ್ದರು. ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ಕಲಿತು, ಹವಾಮಾನ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಅಣ್ಣಾ ಮಾಣಿ ಅವರು ದೇಶದ ಗಾಳಿಯನ್ನು ಅಳೆಯುವ ಕಾರ್ಯವನ್ನು ಕೈಗೊಂಡರು. ಸಹೋದ್ಯೋಗಿಯೊಬ್ಬರೊಡನೆ ಅವರು ಸಿದ್ಧಪಡಿಸಿದ ಭಾರತದ ಪವನಶಕ್ತಿಯ ಅಂಕಿಅಂಶಗಳ ಗ್ರಂಥ 1983ರಲ್ಲಿ ಹೊರಬಂತು. ಎಲ್ಲಿ ಎಷ್ಟು ಗಾಳಿ, ಯಾವ ತಿಂಗಳು, ಯಾವ ಹೊತ್ತು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಯಂತ್ರ ನಿಲ್ಲಿಸುವುದು ಜಾತಕ ನೋಡದೆ ಮದುವೆ ಮಾಡಿದಂತೆ ಎಂದು ಹಿರಿಯರು ಹೇಳಿಯಾರು. ಜಾತಕದ ವಿಚಾರ ಹೇಗೋ ಏನೋ. ಗಾಳಿಯ ವಿಚಾರದಲ್ಲಂತೂ ಇದು ಸತ್ಯ.

ತಂತಿಯ ಮೇಲೆ ಬರುವ ಗಾಳಿ

ಹಾಗಾದರೆ ಸುತ್ತೂರಿನ ರೈತನಿಗೆ ಗಾಳಿಯಿಂದ ಹೆಚ್ಚಿನ ಲಾಭವಿಲ್ಲವೇ? ಇದೆ. ಆದರೆ ಅದು ಅವನ ಹೊಲದ ಮೇಲೆ ಬೀಸುವ ಗಾಳಿಯಿಂದಲ್ಲ, ನೂರಾರು ಕಿಲೋಮೀಟರ್ ಆಚೆ ಬೀಸುವ ಗಾಳಿಯಿಂದ.

ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡ ಮೊದಲಾದ ಬೆಟ್ಟಸಾಲುಗಳು ಪಡುವಣ ಗಾಳಿಗೆ ಎದೆಯೊಡ್ಡಿ ನಿಂತಿವೆ. ಕಪ್ಪತಗುಡ್ಡದಲ್ಲಿ ಕರ್ನಾಟಕ ವಿದ್ಯುತ್ ನಿಗಮವು ಮೊದಲಿಗೆ ನಿಲ್ಲಿಸಿದ ಯಂತ್ರಗಳು ಒಂದೊಂದೂ 225, 230 ಕಿಲೋವಾಟಿನವು. ಈಗ ನಿಲ್ಲಿಸುವವು ಎರಡು ಮೂರು ಸಾವಿರ ಕಿಲೋವಾಟಿನವು. ನೂರು ಮೀಟರಿಗೂ ಎತ್ತರದ ಕಂಬ, ಒಂದೊಂದು ರೆಕ್ಕೆಯೂ ತೆಂಗಿನ ಮರದ ಎರಡರಷ್ಟು ಉದ್ದ. ರೆಕ್ಕೆಯನ್ನು ಹೊತ್ತ ಲಾರಿ ಹಳ್ಳಿಯ ತಿರುವಿನಲ್ಲಿ ಸಿಕ್ಕಿಕೊಂಡರೆ ಅಂದು ಶಾಲೆಗೆ ಅಘೋಷಿತ ರಜೆ. ಗದಗ, ಕೊಪ್ಪಳ, ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಮುಂತಾದ ಜಿಲ್ಲೆಗಳಲ್ಲಿ ನಿಂತಿರುವ ಯಂತ್ರಗಳ ಒಟ್ಟು ಸಾಮರ್ಥ್ಯ 2025ರ ಮಾರ್ಚಿನ ವೇಳೆಗೆ 7,300 ಮೆಗಾವಾಟನ್ನು ಮೀರಿತ್ತು.

ಅಂಥ ಎರಡು ಮೆಗಾವಾಟಿನ ಒಂದು ಯಂತ್ರ ವರ್ಷದ ಕಾಲು ಪಾಲಿನಷ್ಟು ಸಾಮರ್ಥ್ಯದಲ್ಲಿ ನಡೆಯಿತೆಂದರೆ ಸುಮಾರು 44 ಲಕ್ಷ ಯೂನಿಟ್ ವಿದ್ಯುತ್ತು ಹುಟ್ಟುತ್ತದೆ. ಐದು ಅಶ್ವಶಕ್ತಿಯ ಪಂಪೊಂದು ದಿನಕ್ಕೆ ಆರು ತಾಸಿನಂತೆ ವರ್ಷಕ್ಕೆ 250 ದಿನ ನಡೆದರೆ ಬೇಕಾಗುವುದು ಆರು ಸಾವಿರ ಯೂನಿಟ್. ಎಂದರೆ ಒಂದು ಗಾಳಿಯಂತ್ರ ಏಳುನೂರಕ್ಕೂ ಹೆಚ್ಚು ಪಂಪುಗಳಿಗೆ ಸಾಟಿ. ನಮ್ಮ ರಾಜ್ಯದಲ್ಲಿ ಬಳಸುವ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ನೀರಾವರಿ ಪಂಪುಗಳೇ ಕುಡಿಯುತ್ತವೆಂಬುದನ್ನು ಇದರೊಡನೆ ಇಟ್ಟು ನೋಡಬೇಕು.

‘ಗಾಳಿ ಬೀಸೋ ಕಾಲಕ್ಕೆ ನೀರು ಬ್ಯಾಡ’ ಎಂಬ ಹಳೆಯ ಆಕ್ಷೇಪಣೆ ಇಲ್ಲಿಯೂ ಏಳುತ್ತದೆ. ಈ ದೊಡ್ಡ ಯಂತ್ರಗಳ ವರ್ಷದ ಉತ್ಪತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರಿನವರೆಗೆ. ಪಂಪುಗಳು ಹೆಚ್ಚು ಓಡುವುದು ಬೇಸಗೆಯಲ್ಲಿ. ಆದರೆ ಈ ಬಿಡಿಸಲಾರದ ಗಂಟನ್ನು ನಮ್ಮ ನಾಡು ತನಗರಿವಿಲ್ಲದೆಯೇ ಬಿಡಿಸಿಕೊಂಡಿದೆ. ಅದಕ್ಕೆ ಕಾರಣ ಶರಾವತಿ. 1964ರಲ್ಲಿ ಮುಗಿದ ಲಿಂಗನಮಕ್ಕಿಯ ಜಲಾಶಯ 150 ಟಿ.ಎಂ.ಸಿ.ಗೂ ಹೆಚ್ಚು ನೀರನ್ನು ಹಿಡಿದಿಡಬಲ್ಲುದು. ಆಷಾಢ ಶ್ರಾವಣಗಳಲ್ಲಿ ಗದಗಿನ ಗಾಳಿ ನಾಡಿನ ದೀಪಗಳನ್ನು ಉರಿಸುತ್ತಿರುವಾಗ ಶರಾವತಿಯ ತೂಬನ್ನು ಅಷ್ಟರಮಟ್ಟಿಗೆ ಮುಚ್ಚಿಡಬಹುದು. ಉಳಿಸಿದ ನೀರು ಚೈತ್ರದವರೆಗೆ ಕಾದಿರುತ್ತದೆ. ಗಾಳಿಯನ್ನು ಮೂಟೆ ಕಟ್ಟಿಡಲು ಬರುವುದಿಲ್ಲ, ನಿಜ. ಅದರ ಬದಲಿಗೆ ನೀರನ್ನು ಕಟ್ಟಿಡಬಹುದು.

ಸ್ಥೂಲವಾದ ಒಂದು ಲೆಕ್ಕ ಹಾಕೋಣ. ಶರಾವತಿಯ ನೀರು ವಿದ್ಯುದಾಗಾರಕ್ಕೆ ಧುಮುಕುವ ಎತ್ತರ ನಾನೂರು ಮೀಟರಿಗೂ ಹೆಚ್ಚು. ಅಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಸಾವಿರ ಲೀಟರ್ ನೀರು ಸಾಕು. ಗಾಳಿಯಿಂದ ಒಂದು ಯೂನಿಟ್ ಬಂದರೆ ಮಲೆನಾಡಿನಲ್ಲಿ ಸಾವಿರ ಲೀಟರ್ ಉಳಿಯಿತು. ಅದೇ ನೀರು ಬೇಸಗೆಯಲ್ಲಿ ಒಂದು ಯೂನಿಟ್ಟಾಗಿ ತಂತಿಯ ಮೇಲೆ ಹರಿದು ಬಂದರೆ, ದಾರಿಯ ನಷ್ಟ ಕಳೆದು, ಐವತ್ತು ಮೀಟರ್ ಆಳದ ಬಾವಿಯಿಂದ ಸುತ್ತೂರಿನ ಪಂಪು ಸುಮಾರು ಎರಡೂವರೆ ಸಾವಿರ ಲೀಟರ್ ಎತ್ತೀತು. ಗದಗಿನ ಆಷಾಢದ ಗಾಳಿ ಲಿಂಗನಮಕ್ಕಿಯಲ್ಲಿ ನೀರಾಗಿ ನಿಂತು, ನಂಜನಗೂಡು ತಾಲ್ಲೂಕಿನಲ್ಲಿ ಚೈತ್ರದ ತರಕಾರಿಗೆ ಸಲ್ಲುವ ಪರಿ ಇದು. ಪುರಾಣಗಳಲ್ಲಿ ವಾಯುವೂ ವರುಣನೂ ಬೇರೆ ಬೇರೆ ದಿಕ್ಕುಗಳನ್ನು ಕಾಯುವ ದೇವತೆಗಳು. ವಿದ್ಯುತ್ ಜಾಲದಲ್ಲಿ ಅವರಿಬ್ಬರೂ ಒಬ್ಬರ ಸಾಲವನ್ನು ಇನ್ನೊಬ್ಬರು ತೀರಿಸುವ ನೆರೆಹೊರೆಯವರಾಗಿದ್ದಾರೆ.

ಈ ಸೀಮೆಗೆ ದೂರದ ವಿದ್ಯುತ್ತಿನ ಕಲ್ಪನೆ ಹೊಸತಲ್ಲ. ನರಸೀಪುರದ ಸಂಗಮವನ್ನು ದಾಟಿ ಹೋದ ನೀರೇ ಶಿವನಸಮುದ್ರದಲ್ಲಿ ಧುಮುಕಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕೊಟ್ಟಿತು. ಅಂದು ಇಲ್ಲಿಯ ಹೊಳೆ ದೂರದವರಿಗೆ ದುಡಿಯಿತು. ಇಂದು ದೂರದ ಗಾಳಿ ಇಲ್ಲಿಯವರಿಗೆ ದುಡಿಯುತ್ತಿದೆ.

ಒಂದು ಎಚ್ಚರಿಕೆಯ ಮಾತೂ ಉಂಟು. 2008ರಿಂದ ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತು ಉಚಿತ. ಆದ್ದರಿಂದ ಗಾಳಿಯಿಂದ ವಿದ್ಯುತ್ತು ಅಗ್ಗವಾದರೂ ರೈತನ ಕಿಸೆಗೆ ನೇರವಾಗಿ ಬರುವುದು ಏನೂ ಇಲ್ಲ. ಅವನಿಗೆ ಬೇಕಾದದ್ದು ಹೊತ್ತು. ಗೊತ್ತುಮಾಡಿದ ಏಳು ತಾಸಿನ ಮೂರು ಫೇಸ್ ವಿದ್ಯುತ್ತು ಹಗಲಿನಲ್ಲಿ, ಕಡಿಯದೆ ಬರಬೇಕು; ನಡುರಾತ್ರಿ ಹಾವಿನ ಭಯದಲ್ಲಿ ಟಾರ್ಚು ಹಿಡಿದು ಗದ್ದೆಗೆ ಹೋಗುವುದು ತಪ್ಪಬೇಕು. ಹಗಲಿನಲ್ಲಿ ಬಿಸಿಲಿನ ವಿದ್ಯುತ್ತು, ಮಳೆಗಾಲದಲ್ಲಿಯೂ ಇರುಳಿನಲ್ಲಿಯೂ ಗಾಳಿಯ ವಿದ್ಯುತ್ತು, ಎರಡೂ ಇಲ್ಲದಾಗ ನೀರಿನದು ಎಂಬ ಸರದಿ ಸರಿಯಾಗಿ ಕೂಡಿಬಂದರೆ ಅದು ಸಾಧ್ಯ. ಸ್ವಂತ ಹೊಲದಲ್ಲಿ ಯಂತ್ರ ಇಡಬೇಕೆನ್ನುವವರಿಗೆ ಕೊಳವೆ ಬಾವಿ ಇದ್ದರೆ ಸೂರ್ಯನ ಪಂಪೇ ಮೇಲು ಎಂದು ಹೇಳಲು ನನಗೆ ಸಂಕೋಚವಿಲ್ಲ. ಬೇಸಗೆಯಲ್ಲಿ ಬಿಸಿಲು ಎಂದೂ ಕೈಕೊಡುವುದಿಲ್ಲ. ಗಾಳಿಪಂಪಿಗೆ ಉಳಿಯುವ ಜಾಗ ಹೊಳೆಯ ದಡದ ಮೇಲುಬಾವಿಗಳು, ದನಗಳ ತೊಟ್ಟಿ, ಸಸಿಮಡಿ, ನಾಲ್ಕಾರು ತೆಂಗು. ಮತ್ತು ಮೇಲೆ ಹೇಳಿದ ಆಷಾಢದ ಬೆದ್ದಲು.

ಯಾರ ಗಾಳಿ?

ಗಾಳಿಯಂತ್ರ ನಿಂತಿರುವ ಹೊಲದ ಒಡೆಯನಿಗೆ ಏನು ಸಿಗುತ್ತದೆ? ಕಂಬದ ಬುಡಕ್ಕೆ, ಕ್ರೇನು ನಿಲ್ಲುವ ಜಾಗಕ್ಕೆ, ದಾರಿಗೆ ಅವನು ನೆಲವನ್ನು ಮಾರುತ್ತಾನೆ ಇಲ್ಲವೇ ಗುತ್ತಿಗೆಗೆ ಕೊಡುತ್ತಾನೆ. ಉಳಿದ ಹೊಲದಲ್ಲಿ ಜೋಳ, ಕಡಲೆ, ಹತ್ತಿಗಳನ್ನು ಎಂದಿನಂತೆ ಬೆಳೆಯಬಹುದು. ಗಣಿಯಂತೆ, ಕಾರ್ಖಾನೆಯಂತೆ ಇದು ಭೂಮಿಯನ್ನೆಲ್ಲ ನುಂಗುವುದಿಲ್ಲ. ಒಕ್ಕಲುತನದ ಜೊತೆಯಲ್ಲಿಯೇ ಬಾಳಬಲ್ಲ ಉದ್ಯಮ. ಮಳೆ ಬಾರದ ವರ್ಷದಲ್ಲಿಯೂ ಗುತ್ತಿಗೆಯ ಹಣ ಬರುತ್ತದೆಂಬುದು ಒಣಬೇಸಾಯದ ಸೀಮೆಯಲ್ಲಿ ಸಣ್ಣ ಮಾತಲ್ಲ. ಅದರ ಇನ್ನೊಂದು ಮುಖವೂ ಉಂಟು. ಭಾರದ ಕ್ರೇನುಗಳು ತುಳಿದ ಎರೆಭೂಮಿ ಕಲ್ಲಿನಂತೆ ಬಿಗಿಯುತ್ತದೆ. ಬದು ಒಡೆದು ದಾರಿ ಮಾಡಿದಲ್ಲಿ ಮಳೆನೀರು ದಿಕ್ಕು ತಪ್ಪುತ್ತದೆ. ಯಂತ್ರ ನಿಂತ ಹೊಲದವನಿಗೆ ಹಣ ಬಂದರೆ ತಂತಿ ಮಾತ್ರ ಹಾದುಹೋದ ಪಕ್ಕದ ಹೊಲದವನಿಗೆ ಹೊಟ್ಟೆಯುರಿ ಬರುತ್ತದೆ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಕಪ್ಪತಗುಡ್ಡದಂಥ ಔಷಧಿಸಸ್ಯಗಳ ನೆಲೆಯಲ್ಲಿ ಎಷ್ಟು ದಾರಿ ಕೊರೆಯಬಹುದೆಂಬುದು ಬೇರೆಯೇ ವಾದ. 2019ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಸಾರಲಾಯಿತು.

ಆದರೆ ನಿಜವಾದ ಪ್ರಶ್ನೆ ಗುತ್ತಿಗೆಯ ಮೊತ್ತದ್ದಲ್ಲ, ಪಾಲುಗಾರಿಕೆಯದು. ಡೆನ್ಮಾರ್ಕಿನ ಅಸ್ಕೋವ್ ಎಂಬ ಹಳ್ಳಿಯಲ್ಲಿ ಪೌಲ್ ಲಾ ಕೂರ್ ಎಂಬ ಉಪಾಧ್ಯಾಯನೊಬ್ಬನಿದ್ದ. ರೈತರ ಮಕ್ಕಳಿಗೆ ಪಾಠ ಹೇಳುವುದು ಅವನ ಕೆಲಸ. 1891ರಲ್ಲಿ ಅವನು ಗಾಳಿಯಂತ್ರದಿಂದ ವಿದ್ಯುತ್ತನ್ನು ತೆಗೆದು, ಗಾಳಿ ಬೀಸದ ದಿನಕ್ಕಾಗಿ ಆ ಶಕ್ತಿಯನ್ನು ಜಲಜನಕದ ರೂಪದಲ್ಲಿ ಕೂಡಿಟ್ಟು, ಶಾಲೆಯಲ್ಲಿ ದೀಪ ಬೆಳಗಿಸಿದ. ಅಲ್ಲಿಗೇ ನಿಲ್ಲದೆ ಹಳ್ಳಿಯ ಹುಡುಗರನ್ನು ವಿದ್ಯುತ್ ಕೆಲಸಕ್ಕೆ ತರಬೇತುಗೊಳಿಸಿದ. ವಾಷರ್ ಸವೆದರೆ ಬದಲಾಯಿಸುವವರು ಅಲ್ಲಿ ಊರಲ್ಲಿಯೇ ಇದ್ದರು! ಮುಂದೆ ಒಂದು ನೂರು ವರ್ಷ ಕಳೆಯುವಷ್ಟರಲ್ಲಿ ಆ ದೇಶದ ಒಕ್ಕಲಿಗರೂ ಊರವರೂ ಕೂಡಿ ಸಂಘ ಕಟ್ಟಿಕೊಂಡು ಗಾಳಿಯಂತ್ರಗಳಿಗೆ ತಾವೇ ಪಾಲುದಾರರಾದರು. ಹೊಸ ಯಂತ್ರ ನಿಲ್ಲಿಸುವವರು ಐದರಲ್ಲೊಂದು ಪಾಲನ್ನಾದರೂ ಸುತ್ತಮುತ್ತಲ ನಿವಾಸಿಗಳಿಗೆ ಕೊಳ್ಳಲು ಬಿಡಬೇಕೆಂಬ ಕಟ್ಟಳೆ ಅಲ್ಲಿ 2009ರಲ್ಲಿ ಜಾರಿಗೆ ಬಂದು ಸುಮಾರು ಹತ್ತು ವರ್ಷ ನಡೆಯಿತು.

ನಮಗೆ ಇದು ಪರದೇಶದ ಪವಾಡವಾಗಿ ಕಾಣಬೇಕಾಗಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಪತ್ತಿನ ಸಂಘದಿಂದಲೇ ನಮ್ಮ ದೇಶದ ಕೃಷಿ ಸಹಕಾರ ಚಳವಳಿಗೆ ಮೊದಲಾಯಿತೆಂದು ಎಣಿಸುತ್ತಾರೆ. ಸಾಲ ಕೊಡುವವನ ಕೈಯಿಂದ ರೈತನನ್ನು ಬಿಡಿಸಲು ರೈತರೇ ಹಣ ಕೂಡಿಸಿದ ಊರು ಅದು. ಇಂದು ಅದೇ ಜಿಲ್ಲೆಯ ಆಕಾಶದಲ್ಲಿ ನೂರಾರು ಗಾಳಿಚಕ್ರಗಳು ತಿರುಗುತ್ತಿವೆ. ಅವುಗಳ ಒಡೆತನ ಮಾತ್ರ ಬಹುಮಟ್ಟಿಗೆ ದೂರದ ಕಂಪನಿಗಳದು. ಹಾಲಿಗೆ ಸಂಘ ಕಟ್ಟಿದ ಜನ, ಸಾಲಕ್ಕೆ ಸಂಘ ಕಟ್ಟಿದ ಜನ, ಗಾಳಿಗೆ ಏಕೆ ಕಟ್ಟಬಾರದು? ಯಂತ್ರದ ಬೆಲೆ ಕೋಟಿಗಟ್ಟಲೆಯಾಗುತ್ತದೆ, ನಿಜ. ಹಾಲಿನ ಡೇರಿಯ ಯಂತ್ರಗಳೂ ಒಬ್ಬ ರೈತನ ಕೈಗೆ ಎಟುಕುವಂಥವಾಗಿರಲಿಲ್ಲ. ಕಂಪನಿಯವರು ನೆಲ ಕೇಳಲು ಬಂದಾಗ ಬಾಡಿಗೆಗೆ ಬದಲು ಪಾಲು ಕೇಳುವಷ್ಟು ತಿಳಿವಳಿಕೆಯನ್ನಾದರೂ ಊರಿನ ಸಹಕಾರ ಸಂಘಗಳು ಕೊಡಬಹುದಲ್ಲವೇ?

ಇನ್ನು ಸುತ್ತೂರಿನ ಕಡೆ ಆಗಬೇಕಾದ ಕೆಲಸ ಇದಕ್ಕಿಂತ ಬಹಳ ಸಣ್ಣದು. ಹತ್ತು ಹನ್ನೆರಡು ಮೀಟರಿನ ಕಂಬವೊಂದನ್ನು ಏರುಭೂಮಿಯಲ್ಲಿ ನೆಟ್ಟು, ಬಟ್ಟಲುಗಳು ತಿರುಗುವ ಗಾಳಿಯಳತೆಯ ಉಪಕರಣವನ್ನು ತುದಿಗೆ ಕಟ್ಟಿ, ಒಂದು ವರ್ಷ ಪೂರ್ತಿ ಗಂಟೆಗಂಟೆಯ ವೇಗವನ್ನು ಬರೆದಿಡಬೇಕು. ಯಾವುದಾದರೂ ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸ. ಪಕ್ಕದಲ್ಲಿ ಒಂದು ಮಳೆಮಾಪಕ. ಹತ್ತಿರದ ನಾಲ್ಕು ಬಾವಿಗಳಲ್ಲಿ ನೀರಿನ ಆಳವನ್ನು ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಅಳೆದ ಪಟ್ಟಿ. ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದು ಪುಷ್ಯದ ಜಾತ್ರೆಯ ಕೃಷಿಮೇಳದಲ್ಲಿ ತೂಗುಹಾಕಿದರೆ, ಯಾವ ಹೊಲಕ್ಕೆ ಗಾಳಿಪಂಪು, ಯಾವುದಕ್ಕೆ ಸೂರ್ಯನ ಪಂಪು, ಯಾವುದಕ್ಕೆ ಎರಡೂ ಬೇಡ ಎಂಬುದನ್ನು ಅಲ್ಲಿಗೆ ಬರುವ ರೈತರು ತಾವೇ ಓದಿಕೊಳ್ಳುತ್ತಾರೆ. ಆಷಾಢದ ಮೊದಲ ಗಾಳಿಯೂ ಲೆಕ್ಕಕ್ಕೆ ಸಿಗಬೇಕಾದರೆ ಕಂಬವನ್ನು ವೈಶಾಖದಲ್ಲಿಯೇ ನೆಡಬೇಕು.